ಜೆಟ್ಸ್ ಸೋತಿತು, ಮಾಲೀಕರು ಸೋಲಲಿಲ್ಲ

ನ್ಯೂಯಾರ್ಕ್ ಜೆಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ 2025ರ ಜನವರಿ 5ರಂದು ಮಯಾಮಿ ಡಾಲ್ಫಿನ್ಸ್ ತಂಡವನ್ನು 32–20ರಿಂದ ಸೋಲಿಸಿ ತನ್ನ 2024ರ ಸೀಸನ್ ಮುಗಿಸಿತು. ಕೊನೆಯ ಪಂದ್ಯ ಗೆದ್ದದ್ದೊಂದೇ ಸಮಾಧಾನ. ಆಡಿದ್ದು 17, ಗೆದ್ದದ್ದು 5, ಸೋತದ್ದು 12. ಸತತ 14ನೇ ವರ್ಷ ಪ್ಲೇಆಫ್ ಬಾಗಿಲಿನ ಹೊರಗೇ ಉಳಿಯಿತು. ಎನ್‌ಎಫ್‌ಎಲ್‌ನ 32 ತಂಡಗಳಲ್ಲಿ ಇಷ್ಟು ಕಾಲ ಹೊರಗೆ ನಿಂತ ತಂಡ ಆಗ ಇನ್ನೊಂದಿರಲಿಲ್ಲ.

ಪುಣೆಯಲ್ಲಿ ಕೂತವನಿಗೆ ಈ ಉಸಾಬರಿ ಯಾಕೆ ಎನ್ನಬಹುದು. ಅಮೆರಿಕದ ಗಡಿಯಾರ ನೋಡಿಕೊಂಡು ದುಡಿಯುವ ನನ್ನಂಥವರಿಗೆ ಅಲ್ಲಿನ ಆಟವೂ ಕೆಲಸದ ಜೊತೆಗೇ ಅಂಟಿಕೊಂಡು ಬರುತ್ತದೆ. ನಮ್ಮ ಕ್ಲೈಂಟ್ ಕಡೆಯವರು ಬಹುಪಾಲು ನ್ಯೂಜೆರ್ಸಿಯವರು. ಜೆಟ್ಸ್ ಹೆಸರಿಗೆ ನ್ಯೂಯಾರ್ಕಿನದಾದರೂ ಆಡುವುದು ನ್ಯೂಜೆರ್ಸಿಯ ಈಸ್ಟ್ ರದರ್‌ಫರ್ಡ್‌ನಲ್ಲಿ. ಸೆಪ್ಟೆಂಬರಿನಿಂದ ಜನವರಿಯವರೆಗೆ ಪ್ರತಿ ಸೋಮವಾರ ಸಂಜೆಯ ಕಾಲ್‌ನಲ್ಲಿ ಮೊದಲ ಐದು ನಿಮಿಷ ಈ ತಂಡದ್ದೇ ಗೋಳು. ಕೇಳಿ ಕೇಳಿ ನನಗೂ ಅಂಕಪಟ್ಟಿ ನೋಡುವ ಚಟ ಹತ್ತಿತು. ನೋಡುತ್ತಾ ಹೋದಂತೆ ಇದು ಆಟದ ಸೋಲಿಗಿಂತ ಹೆಚ್ಚಾಗಿ ಆಡಳಿತದ ಸೋಲು ಅನಿಸತೊಡಗಿತು.

ಸೀಸನ್ ಆರಂಭವಾದಾಗ ನಿರೀಕ್ಷೆ ಆಕಾಶದಲ್ಲಿತ್ತು. ಕಾರಣ ಏರನ್ ರಾಜರ್ಸ್. ನಾಲ್ಕು ಬಾರಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆದು ಇಡೀ ದಾಳಿಯನ್ನು ನಡೆಸುವವನೇ ಕ್ವಾರ್ಟರ್‌ಬ್ಯಾಕ್. ಆತ ಸರಿಯಿಲ್ಲದಿದ್ದರೆ ಮಿಕ್ಕವರು ಎಷ್ಟು ಚೆನ್ನಾಗಿ ಆಡಿದರೂ ನೀರಿನಲ್ಲಿ ಹೋಮ. 2023ರ ಏಪ್ರಿಲ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದಿಂದ ಆತನನ್ನು ಜೆಟ್ಸ್ ತಂದಾಗ ವಯಸ್ಸು 39. ಆ ವರ್ಷ ಸೆಪ್ಟೆಂಬರ್ 11ರ ಮೊದಲ ಪಂದ್ಯದ ನಾಲ್ಕನೇ ಆಟದಲ್ಲೇ ಹಿಮ್ಮಡಿಯ ನರ ಹರಿದು ಇಡೀ ವರ್ಷ ಹೊರಗುಳಿದರು. ಹಾಗಾಗಿ 2024ರ ಮೇಲೆ ಎರಡು ವರ್ಷದ ಆಸೆಯ ಭಾರ ಬಿದ್ದಿತ್ತು.

ರಾಜರ್ಸ್ ಆ ಸಲ ಎಲ್ಲ 17 ಪಂದ್ಯ ಆಡಿದರು. ಡಿಸೆಂಬರ್‌ನಲ್ಲಿ 41 ತುಂಬಿತು. 28 ಟಚ್‌ಡೌನ್ ಪಾಸ್, ಎದುರಾಳಿಯ ಕೈಗೆ ಹೋದ ಪಾಸ್ 11. ಕೊನೆಯ ಪಂದ್ಯದಲ್ಲಿ ವೃತ್ತಿಜೀವನದ 500ನೇ ಟಚ್‌ಡೌನ್ ಪಾಸ್ ಕೂಡ ಆಯಿತು. ಹಳೆಯ ರಾಜರ್ಸ್ ಅಲ್ಲ, ನಿಜ. ಆದರೆ 12 ಪಂದ್ಯ ಸೋಲಿಸುವಷ್ಟು ಕೆಟ್ಟ ಅಂಕಿಗಳೂ ಅಲ್ಲ. ದೂರನ್ನೆಲ್ಲ ಮುದುಕನ ತಲೆಗೆ ಕಟ್ಟಿದವರು ಅಂಕಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. 12 ಸೋಲುಗಳಲ್ಲಿ 7 ಆರು ಅಥವಾ ಅದಕ್ಕಿಂತ ಕಡಿಮೆ ಅಂಕದ ಅಂತರದವು. ಡೆನ್ವರ್ ವಿರುದ್ಧ 10–9, ಇಂಡಿಯಾನಾಪೊಲಿಸ್ ವಿರುದ್ಧ 28–27, ಬಫಲೋ ವಿರುದ್ಧ 23–20, ನ್ಯೂ ಇಂಗ್ಲೆಂಡ್ ವಿರುದ್ಧ 25–22. ಡೆನ್ವರ್ ಪಂದ್ಯದ ಕೊನೆಯಲ್ಲಿ ಮಳೆಯ ನಡುವೆ 50 ಗಜದಿಂದ ಒದ್ದ ಚೆಂಡು ಕಂಬಗಳ ಆಚೆ ಹೋಯಿತು. ಒಳಗೆ ಹೋಗಿದ್ದರೆ ಆ ಒಂದು ಸೋಲು ಗೆಲುವಾಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಇಂಥ ಪಂದ್ಯಗಳು ಒಂದು ವರ್ಷ ಕೈಕೊಟ್ಟರೆ ಮರುವರ್ಷ ಕೈಹಿಡಿಯುತ್ತವೆ ಎನ್ನುವುದು ಈ ಆಟ ಬಲ್ಲವರ ಸಾಮಾನ್ಯ ಅನುಭವ. ಸಂಯಮ ಇರುವ ಆಡಳಿತ ಅದನ್ನು ನೋಡಿ ಸ್ವಲ್ಪ ತಡೆಯುತ್ತದೆ.

ಜೆಟ್ಸ್ ತಡೆಯಲಿಲ್ಲ. ಅಕ್ಟೋಬರ್ 6ರಂದು ಲಂಡನ್ನಿನಲ್ಲಿ ಮಿನೆಸೋಟ ವೈಕಿಂಗ್ಸ್ ವಿರುದ್ಧ 23–17ರಿಂದ ಸೋತಾಗ ತಂಡದ ಲೆಕ್ಕ 2 ಗೆಲುವು, 3 ಸೋಲು. ತಮ್ಮ ಗುಂಪಿನ ಮುಂಚೂಣಿಯಲ್ಲಿದ್ದ ಬಫಲೋಗಿಂತ ಒಂದೇ ಗೆಲುವು ಹಿಂದೆ. ಇನ್ನೂ 12 ಪಂದ್ಯ ಬಾಕಿ. ಎರಡೇ ದಿನಕ್ಕೆ, ಅಕ್ಟೋಬರ್ 8ರಂದು, ಮಾಲೀಕ ವುಡಿ ಜಾನ್ಸನ್ ಮುಖ್ಯ ಕೋಚ್ ರಾಬರ್ಟ್ ಸಲೇ ಅವರನ್ನು ತೆಗೆದುಹಾಕಿದರು. ಕ್ಲಬ್ಬಿನ ಮಾಲೀಕರಾದ 2000ದಿಂದ ಈಚೆಗೆ ಸೀಸನ್ ನಡುವೆ ಅವರು ಕೋಚ್ ಬದಲಿಸಿದ್ದು ಅದೇ ಮೊದಲು. ಇದು ತಮ್ಮದೇ ನಿರ್ಧಾರ ಎಂದೂ, ಜೆಟ್ಸ್ ಇತಿಹಾಸದ ಅತ್ಯಂತ ಪ್ರತಿಭಾವಂತ ತಂಡಗಳಲ್ಲಿ ಇದೊಂದು ಎಂದೂ ಹೇಳಿಕೊಂಡರು.

ಸಲೇ ಅವರ ಶಕ್ತಿ ರಕ್ಷಣಾ ವಿಭಾಗ. ಲಂಡನ್ನಿನಲ್ಲಿ ಸೋಲು ಬಂದದ್ದು ದಾಳಿಯ ಕಡೆಯಿಂದ. ರಾಜರ್ಸ್ ಎಸೆದ ಮೂರು ಪಾಸ್ ಎದುರಾಳಿಯ ಕೈಸೇರಿದ್ದವು. ನೋವು ಹಲ್ಲಿನದು, ಕಿತ್ತದ್ದು ಕಣ್ಣು. ಫಲ ಏನಾಯಿತು ಎಂದು ನಾನೇ ಕೂಡಿಸಿ ನೋಡಿದೆ. ಸಲೇ ಇದ್ದ ಐದು ಪಂದ್ಯಗಳಲ್ಲಿ ಎದುರಾಳಿಗಳು ಗಳಿಸಿದ್ದು ಒಟ್ಟು 85 ಅಂಕ, ಪಂದ್ಯಕ್ಕೆ 17. ಅವರು ಹೋದ ಮೇಲಿನ 12 ಪಂದ್ಯಗಳಲ್ಲಿ 319, ಪಂದ್ಯಕ್ಕೆ ಹತ್ತಿರಹತ್ತಿರ 27. ರಕ್ಷಣೆಯ ಹೊಣೆ ಹೊತ್ತಿದ್ದ ಜೆಫ್ ಉಲ್ಬ್ರಿಕ್ ಅವರ ಹೆಗಲಿಗೇ ಹಂಗಾಮಿ ಮುಖ್ಯ ಕೋಚ್ ಹುದ್ದೆಯನ್ನೂ ಹೇರಿದ್ದರಿಂದ ಒಬ್ಬರೇ ಎರಡು ದೋಣಿಯಲ್ಲಿ ಕಾಲಿಟ್ಟಂತಾಯಿತು. 2–3 ಇದ್ದ ತಂಡ ಆಮೇಲೆ 3 ಗೆದ್ದು 9 ಸೋತಿತು. ನವೆಂಬರ್ 19ರಂದು ಜನರಲ್ ಮ್ಯಾನೇಜರ್ ಜೋ ಡಗ್ಲಸ್ ಕೂಡ ಮನೆಗೆ ಹೋದರು.

ಈ ನಡುವೆ ಇನ್ನೂ ಒಂದು ನಡೆಯಿತು. ಕೋಚ್ ಹೋದ ಒಂದೇ ವಾರಕ್ಕೆ, ಅಕ್ಟೋಬರ್ 15ರಂದು, ಲಾಸ್ ವೇಗಸ್‌ನಿಂದ ದವಾಂಟೆ ಆಡಮ್ಸ್ ಅವರನ್ನು ಕರೆತಂದರು. ಗ್ರೀನ್ ಬೇಯಲ್ಲಿ ರಾಜರ್ಸ್ ಎಸೆದ ಚೆಂಡನ್ನು ವರ್ಷಗಟ್ಟಲೆ ಹಿಡಿದವರು ಅವರು. ಅದೇ ಗ್ರೀನ್ ಬೇಯ ಅಲನ್ ಲಜಾರ್ಡ್ ಮೊದಲೇ ಬಂದಾಗಿತ್ತು. ದಾಳಿಯ ಹೊಣೆ ಹೊತ್ತಿದ್ದ ನೇಥನಿಯಲ್ ಹ್ಯಾಕೆಟ್ ಕೂಡ ಅಲ್ಲಿಯವರೇ. ನಮ್ಮ ಐಟಿ ಲೋಕದಲ್ಲಿ ದುಡಿದವರಿಗೆ ಈ ಚಿತ್ರ ಹೊಸದಲ್ಲ. ಪ್ರಾಜೆಕ್ಟ್ ಹಳ್ಳ ಹಿಡಿದಾಗ ಭಾರೀ ಸಂಬಳಕ್ಕೆ ಒಬ್ಬ ಹೀರೊ ಬರುತ್ತಾನೆ. ಹಿಂದೆಯೇ ಅವನ ಹಳೆಯ ಕಂಪನಿಯ ಬಳಗ ಬರುತ್ತದೆ. ಡೆಲಿವರಿಗೆ ಎರಡು ತಿಂಗಳಿರುವಾಗ ಮ್ಯಾನೇಜರ್ ಬದಲಾಗುತ್ತಾನೆ. ನಾನು ದುಡಿದ ಒಂದು ಕಡೆ 11 ತಿಂಗಳಲ್ಲಿ ಮೂವರು ಮ್ಯಾನೇಜರ್‌ಗಳು ಬದಲಾದರು. ಕೋಡ್ ಮಾತ್ರ ಅದೇ, ಅದರ ಬಗ್‌ಗಳೂ ಅವೇ.

ಇಲ್ಲಿ ನಿಜವಾಗಿ ಅಚ್ಚರಿ ಹುಟ್ಟಿಸುವುದು ಒಂದು ವರ್ಷದ ಸೋಲಲ್ಲ, 14 ವರ್ಷದ ಸೋಲು. ಏಕೆಂದರೆ ಎನ್‌ಎಫ್‌ಎಲ್ ಸೋತವರನ್ನು ಎತ್ತಿ ನಿಲ್ಲಿಸಲೆಂದೇ ಕಟ್ಟಿದ ಲೀಗ್. ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಆಟಗಾರರ ಸಂಬಳಕ್ಕೆ ಎಲ್ಲರಿಗೂ ಒಂದೇ ಮಿತಿ. 2024ರಲ್ಲಿ ಅದು 25.54 ಕೋಟಿ ಡಾಲರ್. ಹಣವಂತ ತಂಡ ಎಲ್ಲರನ್ನೂ ಬಾಚಿಕೊಳ್ಳುವಂತಿಲ್ಲ. 32ರಲ್ಲಿ 14 ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಇಷ್ಟೆಲ್ಲ ಊರುಗೋಲು ಕೊಟ್ಟರೂ ಒಂದು ತಂಡ 14 ವರ್ಷ ಎಡವುತ್ತಲೇ ಇದ್ದರೆ ಅದನ್ನು ದುರದೃಷ್ಟ ಎನ್ನಲಾಗದು.

ಸೋತವರಿಗೆ ಕೊಟ್ಟ ಊರುಗೋಲನ್ನು ಜೆಟ್ಸ್ ಹೇಗೆ ಬಳಸಿತು ನೋಡಿ. 2018ರಲ್ಲಿ ಮೂರನೇ ಸರದಿಯಲ್ಲಿ ಸ್ಯಾಮ್ ಡಾರ್ನಾಲ್ಡ್ ಎಂಬ ಹುಡುಗ ಕ್ವಾರ್ಟರ್‌ಬ್ಯಾಕ್ ಸಿಕ್ಕ. ಮೂರು ವರ್ಷದಲ್ಲಿ ಅವನಿಗೆ ಇಬ್ಬರು ಮುಖ್ಯ ಕೋಚ್‌ಗಳು. ಆಮೇಲೆ ಮಾರಿಬಿಟ್ಟರು. 2021ರಲ್ಲಿ ಎರಡನೇ ಸರದಿಯಲ್ಲಿ ಜ್ಯಾಕ್ ವಿಲ್ಸನ್ ಬಂದ. ಮೂರು ವರ್ಷಕ್ಕೆ ಅವನನ್ನೂ ಕಳಿಸಿದರು. ಬಿತ್ತಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ಹುಡುಕಿದರೆ ಯಾವ ಬೆಳೆ ಬಂದೀತು? ಲಂಡನ್ನಿನಲ್ಲಿ ಅಕ್ಟೋಬರ್ 6ರಂದು ಜೆಟ್ಸ್ ತಂಡವನ್ನು ಸೋಲಿಸಿದ ವೈಕಿಂಗ್ಸ್‌ನ ಕ್ವಾರ್ಟರ್‌ಬ್ಯಾಕ್ ಬೇರೆ ಯಾರೂ ಅಲ್ಲ, ಅದೇ ಡಾರ್ನಾಲ್ಡ್. ಆ ತಂಡ 2024ರ ಸೀಸನ್‌ನಲ್ಲಿ 14 ಪಂದ್ಯ ಗೆದ್ದಿತು. ಡಿಸೆಂಬರ್ 1ರಂದು 21–7ರ ಮುನ್ನಡೆಯಲ್ಲಿದ್ದ ಜೆಟ್ಸ್ ತಂಡವನ್ನು ಅವರದೇ ಅಂಗಳದಲ್ಲಿ 26–21ಕ್ಕೆ ಮಣಿಸಿದ ಸಿಯಾಟಲ್‌ನ ಕ್ವಾರ್ಟರ್‌ಬ್ಯಾಕ್ ಜೀನೋ ಸ್ಮಿತ್. ಅವರೂ 2013ರಲ್ಲಿ ಜೆಟ್ಸ್ ಆರಿಸಿ ತಂದವರೇ. 2015ರಲ್ಲಿ ಸಹ ಆಟಗಾರನೊಬ್ಬನ ಗುದ್ದಿಗೆ ಅವರ ದವಡೆ ಮುರಿದದ್ದೂ ಜೆಟ್ಸ್‌ನ ಲಾಕರ್ ರೂಮಿನಲ್ಲೇ.

ಹೋಲಿಕೆಗೆ ಡೆಟ್ರಾಯಿಟ್ ಲಯನ್ಸ್ ತೆಗೆದುಕೊಳ್ಳಿ. 2008ರಲ್ಲಿ ಆಡಿದ 16 ಪಂದ್ಯಗಳನ್ನೂ ಸೋತು ನಗೆಪಾಟಲಾದ ತಂಡ. ಸಲೇ ಜೆಟ್ಸ್‌ಗೆ ಬಂದ 2021ರ ಜನವರಿಯಲ್ಲೇ ಡ್ಯಾನ್ ಕ್ಯಾಂಬೆಲ್ ಲಯನ್ಸ್ ಕೋಚ್ ಆದರು. ಮೊದಲ ವರ್ಷ ಜೆಟ್ಸ್ 4 ಗೆದ್ದರೆ ಲಯನ್ಸ್ 3. ಎರಡನೇ ವರ್ಷ ಲಯನ್ಸ್ ಮೊದಲ ಏಳರಲ್ಲಿ ಆರು ಸೋತಿತು. ಅಂಥ ಹೊತ್ತಿನಲ್ಲೇ ಮಾಲೀಕರಾದ ಶೀಲಾ ಫೋರ್ಡ್ ಹ್ಯಾಂಪ್ ಪತ್ರಕರ್ತರ ಮುಂದೆ ಬಂದು, ಕೋಚ್ ಮೇಲೆ ತಮಗೆ ನಂಬಿಕೆ ಇದೆ ಎಂದರು. ಆ ವರ್ಷ 9 ಗೆಲುವಿಗೆ ಮುಗಿಯಿತು, ಮರುವರ್ಷ 12, 2024ರಲ್ಲಿ 15. ಅವರ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಇನ್ನೊಂದು ತಂಡ ಬೇಡವೆಂದು ಬಿಟ್ಟವರು. ಹೀರೊ ತರಲಿಲ್ಲ, ಇದ್ದವರನ್ನು ಬೆಳೆಯಲು ಬಿಟ್ಟರು. 2025ರ ಜನವರಿಯಲ್ಲಿ ವಾಷಿಂಗ್ಟನ್ ವಿರುದ್ಧ ಪ್ಲೇಆಫ್‌ನಲ್ಲಿ ಮುಗ್ಗರಿಸಿದರು, ಅದು ಬೇರೆ ಮಾತು.

ಆ ವಾಷಿಂಗ್ಟನ್ ಕಮಾಂಡರ್ಸ್ ಕಥೆಯೂ ಇಲ್ಲಿಗೆ ಸಲ್ಲುತ್ತದೆ. ವರ್ಷಾನುಗಟ್ಟಲೆ ಅಲ್ಲಿನ ಅಭಿಮಾನಿಗಳು ಮಾಲೀಕ ಡ್ಯಾನ್ ಸ್ನೈಡರ್ ತೊಲಗಲಿ ಎಂದು ಕೂಗಿದರು. 2023ರಲ್ಲಿ ಅವರು ತಂಡ ಮಾರಿದರು. ಒಂದೂವರೆ ವರ್ಷದಲ್ಲಿ ತಂಡ 4 ಗೆಲುವಿನಿಂದ 12ಕ್ಕೆ ಏರಿ, 2025ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಸೆಮಿಫೈನಲ್‌ಗೆ ಸಮನಾದ ಪಂದ್ಯ ಆಡಿತು. 33 ವರ್ಷದಲ್ಲಿ ಮೊದಲ ಸಲ. ಡ್ರಾಫ್ಟ್‌ನಲ್ಲಿ ಸಿಕ್ಕ ಜೇಡನ್ ಡೇನಿಯಲ್ಸ್ ಎಂಬ ಹುಡುಗನ ಪಾಲು ಇದರಲ್ಲಿ ದೊಡ್ಡದು. ಆದರೆ ಅದೇ ಎತ್ತರದ ಸರದಿಗಳು ಜೆಟ್ಸ್‌ಗೂ ಸಿಕ್ಕಿದ್ದವಲ್ಲ.

ಸ್ನೈಡರ್ 1999ರಲ್ಲಿ ಕೊಟ್ಟದ್ದು 80 ಕೋಟಿ ಡಾಲರ್, ಮಾರಿದ್ದು 605 ಕೋಟಿಗೆ. ಇಪ್ಪತ್ನಾಲ್ಕು ವರ್ಷ ತಂಡ ಹಾಳುಗೆಡವಿದ್ದಕ್ಕೆ ಸಿಕ್ಕ ಶಿಕ್ಷೆ ಇದು. ಜಾನ್ಸನ್ 63.5 ಕೋಟಿಗೆ ಕೊಂಡ ಜೆಟ್ಸ್‌ಗೆ ಫೋರ್ಬ್ಸ್ ಪತ್ರಿಕೆ 2024ರಲ್ಲಿ ಕಟ್ಟಿದ ಬೆಲೆ 690 ಕೋಟಿ. ಹೇಗೆ? ಟಿವಿ ಮುಂತಾದ ರಾಷ್ಟ್ರಮಟ್ಟದ ಆದಾಯವನ್ನು 32 ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. ಗ್ರೀನ್ ಬೇ ಸಾರ್ವಜನಿಕ ಷೇರುದಾರರ ಒಡೆತನದ ತಂಡವಾದ್ದರಿಂದ ಅದರ ಲೆಕ್ಕ ಬಹಿರಂಗವಾಗುತ್ತದೆ: 2024ರ ಮಾರ್ಚ್‌ಗೆ ಮುಗಿದ ವರ್ಷ ಅವರ ಪಾಲಿಗೆ ಬಂದದ್ದು 40.23 ಕೋಟಿ ಡಾಲರ್. ಆ ಸೀಸನ್‌ನ ಸಂಬಳ ಮಿತಿ 22.48 ಕೋಟಿ. ಅಂದರೆ ಒಂದೇ ಒಂದು ಟಿಕೆಟ್ ಮಾರುವ ಮೊದಲೇ ಆಟಗಾರರ ಸಂಬಳ ಕಳೆದು ಕೈಯಲ್ಲಿ ಧಾರಾಳ ಉಳಿದಿರುತ್ತದೆ. 17ಕ್ಕೆ 17 ಗೆದ್ದರೂ ಅದೇ ಪಾಲು, 5 ಗೆದ್ದರೂ ಅದೇ ಪಾಲು. ಇಂಗ್ಲೆಂಡಿನ ಫುಟ್‌ಬಾಲ್‌ನಂತೆ ಕೊನೆಯಲ್ಲಿದ್ದವರು ಕೆಳದರ್ಜೆಯ ಲೀಗಿಗೆ ಇಳಿಯುವ ಭಯವೂ ಇಲ್ಲ. ಕೋಚ್ ಕೆಲಸ ಕಳೆದುಕೊಳ್ಳುತ್ತಾನೆ, ಮ್ಯಾನೇಜರ್ ಕಳೆದುಕೊಳ್ಳುತ್ತಾನೆ, ಆಟಗಾರ ಕಳೆದುಕೊಳ್ಳುತ್ತಾನೆ. ಕಳೆದುಕೊಳ್ಳದವರು ಒಬ್ಬರೇ. ದುಡ್ಡು ಕೊಟ್ಟು ಸೀಟಿನ ಹಕ್ಕನ್ನೇ ಕೊಂಡು, ಅದರ ಮೇಲೆ ಪ್ರತಿವರ್ಷ ಟಿಕೆಟ್‌ಗೂ ತೆರುವ ಅಭಿಮಾನಿಯದು ಎಲ್ಲರಿಗಿಂತ ದೊಡ್ಡ ನಷ್ಟ.

ಆರ್‌ಸಿಬಿ ಬಾವುಟ ಹಿಡಿದು ಬೆಳೆದ ನಮಗೆ ಈ ನೋವು ಅರ್ಥವಾಗದ್ದೇನಲ್ಲ. 2024ರವರೆಗೆ 17 ಸೀಸನ್, ಮೂರು ಫೈನಲ್ ಸೋಲು, ಪ್ರತಿ ಮಾರ್ಚ್‌ನಲ್ಲೂ 'ಈ ಸಲ ಕಪ್ ನಮ್ದೇ'. ಹೆಣ್ಣುಮಕ್ಕಳು 2024ರಲ್ಲಿ ಕಪ್ ತಂದು ಮಾನ ಉಳಿಸಿದರು. ಆದರೆ ಆರ್‌ಸಿಬಿಯನ್ನು ಜೆಟ್ಸ್ ಜೊತೆ ಒಂದೇ ತಕ್ಕಡಿಗೆ ಹಾಕಲಾರೆ. 2020ರಿಂದ 2024ರವರೆಗಿನ ಐದು ವರ್ಷಗಳಲ್ಲಿ ನಾಲ್ಕು ಸಲ ಪ್ಲೇಆಫ್ ಮುಟ್ಟಿದ ತಂಡ ಅದು. ಹೋಲಿಕೆ ಇರುವುದು ಲೀಗಿನ ಕಟ್ಟಡದಲ್ಲಿ. ಐಪಿಎಲ್‌ನಲ್ಲೂ ಕೆಳಗಿಳಿಯುವ ಭಯವಿಲ್ಲ, ಟಿವಿ ಹಣ ಹಂಚಿಕೆಯಾಗುತ್ತದೆ, ಹರಾಜಿಗೆ ಎಲ್ಲರಿಗೂ ಒಂದೇ ಮೊತ್ತ, 2025ರ ಸೀಸನ್‌ಗೆ ಅದು 120 ಕೋಟಿ ರೂಪಾಯಿ. ನಮ್ಮ ತಂಡವೂ 2024ರ ನವೆಂಬರ್‌ನ ಹರಾಜಿಗೆ ಮೊದಲು ಮೂವರನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನೆಲ್ಲ ಬಿಟ್ಟು ಹೊಸದಾಗಿ ಕಟ್ಟಿತು. ಏಪ್ರಿಲ್‌ನಲ್ಲಿ ನಾಲ್ಕು ಪಂದ್ಯ ಸೋತರೆ ಮೇಲೆ ಕೂತವರು ಏನು ಮಾಡುತ್ತಾರೆ ಎನ್ನುವುದನ್ನು ನಾನಂತೂ ಕಪ್ಪಿಗಿಂತ ಹೆಚ್ಚು ಗಮನವಿಟ್ಟು ನೋಡುತ್ತೇನೆ.

ಜೆಟ್ಸ್ 2025ರ ಜನವರಿಯಲ್ಲಿ ಹೊಸ ಕೋಚ್ ಹೆಸರು ಪ್ರಕಟಿಸಿತು. ಏರನ್ ಗ್ಲೆನ್, 1994ರಲ್ಲಿ ಜೆಟ್ಸ್ ಡ್ರಾಫ್ಟ್‌ನಲ್ಲಿ ಆರಿಸಿದ್ದ ಹಳೆಯ ಆಟಗಾರ. ಅದಕ್ಕೆ ಹಿಂದಿನ ನಾಲ್ಕು ವರ್ಷ ಡೆಟ್ರಾಯಿಟ್‌ನಲ್ಲಿ ಕ್ಯಾಂಬೆಲ್ ಜೊತೆ ರಕ್ಷಣಾ ವಿಭಾಗ ನೋಡಿಕೊಂಡವರು. ಆ ನಿಧಾನದ ಕಟ್ಟೋಣವನ್ನು ಒಳಗಿನಿಂದ ಕಂಡವರು. ಆಯ್ಕೆ ಒಳ್ಳೆಯದೇ. ಆದರೆ ಡೆಟ್ರಾಯಿಟ್‌ನಿಂದ ಕೋಚ್‌ನನ್ನು ತರಬಹುದು, ಮಾಲೀಕರನ್ನು ತರುವ ದಾರಿಯಿಲ್ಲ. ಗ್ಲೆನ್ ಅವರ ಮೊದಲ ಏಳು ಪಂದ್ಯಗಳಲ್ಲಿ ಆರು ಸೋತರೆ ಜಾನ್ಸನ್ ಯಾವ ಬಾಗಿಲಿನಿಂದ ಹೊರಗೆ ಬಂದು ಏನು ಹೇಳುತ್ತಾರೆ ಎನ್ನುವುದರ ಮೇಲೆ ಎಲ್ಲ ನಿಂತಿತ್ತು. ರಾಜರ್ಸ್ ಇರುತ್ತಾರೋ ಹೋಗುತ್ತಾರೋ ಆಗ ಇನ್ನೂ ತೀರ್ಮಾನವಾಗಿರಲಿಲ್ಲ. 2025ರ ಡ್ರಾಫ್ಟ್ ಏಪ್ರಿಲ್ 24ರಿಂದ ನಡೆಯಿತು, ಅದೂ ಗ್ರೀನ್ ಬೇಯಲ್ಲಿ. ಜೆಟ್ಸ್‌ಗೆ ಏಳನೇ ಸರದಿ ಸಿಕ್ಕಿತ್ತು.