ಜೇನಿನ ನೃತ್ಯ, ಮನುಷ್ಯನ ಮಾತು

ಹೂವಿರುವ ತಾಣವನ್ನು ಕಂಡು ಹಿಂದಿರುಗಿದ ಜೇನ್ನೊಣವು ಗೂಡಿನ ಕತ್ತಲಲ್ಲಿ, ಎರಿಯ ಮೇಲೆ ನರ್ತಿಸುತ್ತದೆ. ನೃತ್ಯದ ಕೋನವು ಸೂರ್ಯನನ್ನು ಆಧರಿಸಿದ ದಿಕ್ಕನ್ನೂ, ಮೈ ಅಲುಗಿಸುವ ಅವಧಿಯು ದೂರವನ್ನೂ ಸಂಗಾತಿಗಳಿಗೆ ತಿಳಿಸುತ್ತವೆ. ಈ ಸಂಕೇತವನ್ನು ಬಿಡಿಸಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1973ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಆಫ್ರಿಕದ ವರ್ವೆಟ್ ಕೋತಿಗಳು ಚಿರತೆ, ಹದ್ದು, ಹಾವುಗಳಿಗೆ ಬೇರೆ ಬೇರೆ ಎಚ್ಚರಿಕೆಯ ಕೂಗು ಹಾಕುತ್ತವೆ.

ಸೃಷ್ಟಿಕರ್ತನ ಈ ಕೌಶಲಕ್ಕೆ ತಲೆಬಾಗೋಣ. ಆದರೆ ಜೇನ್ನೊಣದ ನೃತ್ಯವು ಸುದ್ದಿ ಮುಟ್ಟಿಸುವುದರಲ್ಲೇ ಮುಗಿಯುತ್ತದೆ. ಮಾನವನಾದರೋ ಎಣಿಕೆಗೆ ಸಿಗುವಷ್ಟೇ ಧ್ವನಿಗಳಿಂದ ಎಣಿಕೆಗೆ ಸಿಗದಷ್ಟು ವಾಕ್ಯಗಳನ್ನು ಕಟ್ಟಬಲ್ಲನು. ನಿನ್ನೆಯ ತಪ್ಪಿಗೆ ಕ್ಷಮೆ ಬೇಡಬಲ್ಲನು, ನಾಳೆಗಾಗಿ ಮಾತು ಕೊಡಬಲ್ಲನು. ಬಲಿಪೀಠದ ಮುಂದೆ ವಧೂವರರು ನುಡಿಯುವ ಸಮ್ಮತಿಯಿಂದಲೇ ವಿವಾಹ ಸಂಸ್ಕಾರವು ನೆರವೇರುತ್ತದೆ.

ಇಂಥ ವರವನ್ನು ಪಡೆದ ನಮ್ಮ ಕುಟುಂಬಗಳಲ್ಲಿ ನಡೆಯುತ್ತಿರುವುದೇನು? ಆಸ್ತಿ ಪಾಲಾದ ದಿನದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ದೇವಾಲಯದ ಎರಡು ಬದಿಗಳಲ್ಲಿ ಕುಳಿತು, ಕ್ಷಮೆಯನ್ನು ಬೇಡುವ ಒಂದೇ ಪರಲೋಕ ಮಂತ್ರವನ್ನು ಜಪಿಸುತ್ತಾರೆ. ಮೊದಲು ಸಹೋದರನೊಡನೆ ಸಮಾಧಾನವಾಗಿ, ಅನಂತರ ಬಂದು ಕಾಣಿಕೆಯನ್ನು ಅರ್ಪಿಸಬೇಕೆಂದು ಪ್ರಭು ಯೇಸು ಬೋಧಿಸಿದ್ದಾರೆ. ಅವನು ಮಾತನಾಡಿಸಲಿ ಎಂದು ಕಾಯುವುದು ಬೇಡ. ಈ ಭಾನುವಾರದ ಪೂಜೆಗೆ ಮುನ್ನ ಮೊದಲ ಮಾತನ್ನು ನಾವೇ ಆಡೋಣ.