ಕೈ ಕೈ ಹಿಡಿಯುವ ಔಷಧಿ

ಮಕ್ಕಳೇ, ಹೋದ ವಾರ ನ್ಯಾಮತಿಯ ನಮ್ಮ ಮನೆಯಲ್ಲಿ ಸಣ್ಣ ಜಗಳ. ಐದನೇ ಕ್ಲಾಸಿನ ಮೊಮ್ಮಗಳಿಗೆ ಶಾಲೆಯವರ ಜೊತೆ ಚನ್ನಗಿರಿಯ ಸೂಳೆಕೆರೆ ನೋಡುವ ಆಸೆ. ಅವಳಿಗೆ ಟೈಪ್ 1 ಸಕ್ಕರೆ ಕಾಯಿಲೆ. "ಬಿಸಿಲಿಗೆ ಇನ್ಸುಲಿನ್ ಪೆನ್ನು ಕೆಟ್ಟರೆ?" ಅಂತ ಅವಳಮ್ಮನ ಚಿಂತೆ.

"ಕೆಡೋದು ಅಂದ್ರೇನಜ್ಜ? ಹಾಲಿನ ಹಾಗೆ ಒಡೆಯುತ್ತಾ?"

ನಾನು ಬಿ.ಕಾಂ. ಓದಿದ ಬ್ಯಾಂಕ್ ಗುಮಾಸ್ತ. ಓದಿ ತಿಳಿದುಕೊಂಡು ಹೇಳಿದೆ.

ಇನ್ಸುಲಿನ್ನಿನ ಒಂದೊಂದು ಕಣವೂ 51 ಅಮೈನೋ ಆಮ್ಲಗಳನ್ನು ಪೋಣಿಸಿದ್ದು. ಇಂಥ ಸರಗಳಿಗೆ ಪೆಪ್ಟೈಡ್ ಎನ್ನುತ್ತಾರೆ. ಯಾರೂ ಜೋಡಿಸದಿದ್ದರೂ ಇವು ತಾವೇ ಕೂಡಿಕೊಳ್ಳುತ್ತವೆ. ಸತುವಿನ ಎರಡು ಕಣಗಳ ಸುತ್ತ ಆರು ಇನ್ಸುಲಿನ್ ಕಣ ಕೂತಿರುವುದನ್ನು 1969ರಲ್ಲಿ ಆಕ್ಸ್‌ಫರ್ಡ್‌ನ ಡೊರೊಥಿ ಹಾಡ್ಜ್‌ಕಿನ್ ತಂಡ ತೋರಿಸಿತು. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಆರರ ಗುಂಪು ಎಫ್.ಡಿ. ಇದ್ದ ಹಾಗೆ, ಬಿಡಿಯಾದ ಕಣವೇ ಕೈಗೆ ಬರುವ ನಗದು. ರಕ್ತದಲ್ಲಿ ಕೆಲಸ ಮಾಡುವುದು ಬಿಡಿ ಕಣ ಮಾತ್ರ. ಮೊಮ್ಮಗಳು ರಾತ್ರಿ ತೆಗೆದುಕೊಳ್ಳುವ ಡೆಗ್ಲುಡೆಕ್ ಇನ್ಸುಲಿನ್ ಚರ್ಮದಡಿ ಉದ್ದ ಸರಪಳಿಯಾಗುತ್ತದೆ. ಸತು ಮೆಲ್ಲಗೆ ಜಾರಿದಂತೆ ಸರಪಳಿ ಕಳಚಿ, ಒಂದೊಂದೇ ಕಣ ದಿನವಿಡೀ ರಕ್ತಕ್ಕೆ ಸೇರುತ್ತದೆ. ಔಷಧಿಯೂ ಅದೇ, ಗಾಡಿಯೂ ಅದೇ! ಬೇರೆ ಔಷಧಿಗಳನ್ನು ಹೊರಲು ಪುಟ್ಟ ಪೆಪ್ಟೈಡ್‌ಗಳಿಂದ ನಳಿಕೆ, ಬಲೆಗಳನ್ನೂ ವಿಜ್ಞಾನಿಗಳು ಮಾಡಿ ನೋಡುತ್ತಿದ್ದಾರೆ. ಹೊರೆ ಇಳಿಸಿದ ಮೇಲೆ, ನಾವು ಉಂಡ ಬೇಳೆಯ ಪ್ರೋಟೀನಿನಂತೆ ಅವೂ ಒಡೆದು ಅಮೈನೋ ಆಮ್ಲಗಳಾಗಬಲ್ಲವು.

ಆದರೆ ಈ ಕೂಡುವ ಗುಣವೇ ಕೆಲವೊಮ್ಮೆ ಹಾದಿ ತಪ್ಪುತ್ತದೆ. ಬಿಸಿ ತಾಗಿದರೆ, ಜೋರಾಗಿ ಕುಲುಕಿದರೆ ಇನ್ಸುಲಿನ್ ಕಣಗಳು ನೂಲಿನಂತೆ ಹೆಣೆದುಕೊಳ್ಳುತ್ತವೆ. ಮತ್ತೆ ತಂಪು ಮಾಡಿದರೂ ಆ ನೂಲು ಬಿಚ್ಚುವುದಿಲ್ಲ.

ಜಗಳೂರಿನಲ್ಲಿ ನಾನು ಕೆಲಸದಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಹೊನ್ನಾಳಿಯಿಂದ ಇನ್ಸುಲಿನ್ ಬಾಟಲಿಯನ್ನು ಬೈಕಿನ ಡಬ್ಬಿಯಲ್ಲಿ ತಂದರು. ಏಪ್ರಿಲ್ ತಿಂಗಳು. ಚುಚ್ಚಿಕೊಂಡರೂ ಸಕ್ಕರೆ ಇಳಿಯಲಿಲ್ಲ. ಮೂರು ದಿನ ಆಸ್ಪತ್ರೆ. ಆಮೇಲೆ ಅವರ ಬಾಟಲಿ ಇದ್ದದ್ದು ಒದ್ದೆ ಮರಳಿನಲ್ಲಿ ಹೂತಿಟ್ಟ ಮಣ್ಣಿನ ಕುಡಿಕೆಯಲ್ಲಿ. ಫ್ರಿಜ್ ಎಲ್ಲಿತ್ತು ಆಗ?

ಇದನ್ನು ಕೇಳಿ ಸೊಸೆ ಇನ್ನಷ್ಟು ಹೆದರಿದಳು. ಹೇಳಬಾರದಿತ್ತೇನೋ. ಕೊನೆಗೆ ಟೀಚರಮ್ಮನೇ ಪೆನ್ನನ್ನು ತಂಪು ಚೀಲದಲ್ಲಿಟ್ಟು ತಮ್ಮ ಹೆಗಲಿಗೆ ಹಾಕಿಕೊಂಡರು.

ಸಂಜೆ ಮೊಮ್ಮಗಳು ಬಂದವಳೇ, ಕಾಲು ತೊಳೆಯುವ ಮೊದಲೇ ಪೆನ್ನನ್ನು ಬೆಳಕಿಗೆ ಹಿಡಿದಳು.

"ನೂಲಿಲ್ಲ ಅಜ್ಜ. ತಿಳಿಯಾಗಿದೆ."