ಎಚ್ಚರಿಕೆ ಯಾರಿಗೆ ತಲುಪಬೇಕು?

ಪಟ್ಟಣದ ಒಳಚರಂಡಿ ಉಕ್ಕಿ ಹೊಳೆ ಸೇರಿದಾಗಲೆಲ್ಲ ಅದನ್ನು ಆಕಸ್ಮಿಕವೆಂದು ಕರೆಯುವುದು ಆಡಳಿತದ ವಾಡಿಕೆ. ವಾಸ್ತವದಲ್ಲಿ ಬಹುಪಾಲು ಸಂದರ್ಭಗಳಲ್ಲಿ ಅದು ಮುನ್ಸೂಚನೆ ಕೊಟ್ಟೇ ಬರುವ ಅನಾಹುತ. ಜಿಡ್ಡು, ಚಿಂದಿಬಟ್ಟೆ, ಪ್ಲಾಸ್ಟಿಕ್, ಹೂಳು, ಬಿರುಕಿನಲ್ಲಿ ನುಗ್ಗಿದ ಮರದ ಬೇರು ಇವು ಒಂದೇ ರಾತ್ರಿಯಲ್ಲಿ ಕೊಳವೆಯನ್ನು ಮುಚ್ಚುವುದಿಲ್ಲ. ತಡೆ ಬೆಳೆದಂತೆ ಅದರ ಹಿಂದಿನ ಮ್ಯಾನ್‌ಹೋಲ್‌ನಲ್ಲಿ ನೀರು ಏರುತ್ತ ಹೋಗುತ್ತದೆ.

ಈ ಏರಿಕೆಯನ್ನು ಗುರುತಿಸುವ ತಂತ್ರಜ್ಞಾನ ಈಗ ಲಭ್ಯವಿದೆ. ಮ್ಯಾನ್‌ಹೋಲಿನ ಮುಚ್ಚಳದಡಿ ಅಳವಡಿಸಿದ ಸಂವೇದಕವು ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ನೀರಿನ ಮಟ್ಟವನ್ನು ಅಳೆದು ಕಚೇರಿಗೆ ತಿಳಿಸುತ್ತದೆ. ಮುಂಜಾನೆ ಮತ್ತು ಸಂಜೆ ಮಟ್ಟ ಏರುವುದು ಸಹಜ. ಮಳೆಯಿಲ್ಲದ ದಿನ, ಇಳಿಯಬೇಕಾದ ಹೊತ್ತಿನಲ್ಲಿಯೂ ಅದು ಇಳಿಯದಿದ್ದರೆ ಕೆಳಗೆಲ್ಲೋ ತಡೆಯಿದೆ ಎಂದರ್ಥ. ಹಿಂದಿನ ದಿನಗಳ ಅಂಕಿಗಳೊಡನೆ ಹೋಲಿಸಿ, ಉಕ್ಕುವ ಮೊದಲೇ ಆ ಭಾಗವನ್ನು ಶುಚಿಗೊಳಿಸಬಹುದು.

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ನಗರದಲ್ಲಿ ಮಳೆನೀರು ಮತ್ತು ಮಲಿನ ನೀರು ಒಂದೇ ಕೊಳವೆಯಲ್ಲಿ ಹರಿದು, ಮಳೆ ಬಂದಾಗ ಸೇಂಟ್ ಜೋಸೆಫ್ ನದಿಗೆ ಉಕ್ಕುತ್ತಿತ್ತು. 2008ರಿಂದ ಆ ನಗರವು ನೊಟ್ರೆ ಡೇಮ್ ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ ನೂರಕ್ಕೂ ಹೆಚ್ಚು ಸಂವೇದಕಗಳನ್ನು ಅಳವಡಿಸಿತು. ತುಂಬಿದ ಕೊಳವೆಯ ನೀರನ್ನು ಬರಿದಾದ ಕೊಳವೆಗೆ ತಿರುಗಿಸುವ ಕವಾಟಗಳನ್ನೂ ಜೋಡಿಸಿತು. ಕೆಲವೇ ವರ್ಷಗಳಲ್ಲಿ ನದಿಗೆ ಉಕ್ಕುವ ಪ್ರಮಾಣ ಶೇಕಡ 70ಕ್ಕಿಂತ ಹೆಚ್ಚು ತಗ್ಗಿತೆಂದು ನಗರಾಡಳಿತ ಹೇಳುತ್ತದೆ. ಅಲ್ಲಿ ಮಾಹಿತಿಯ ಹಿಂದೆಯೇ ಕೆಲಸವೂ ನಡೆಯಿತು.

ಇಂಗ್ಲೆಂಡಿನ ಅನುಭವ ಬೇರೆಯದು. 2023ರ ಅಂತ್ಯಕ್ಕೆ ಅಲ್ಲಿನ 14 ಸಾವಿರಕ್ಕೂ ಹೆಚ್ಚು ಹೊರಹರಿವಿನ ಬಾಯಿಗಳಿಗೆಲ್ಲ ಮಾಪಕಗಳು ಬಂದವು. ಆದರೂ 2023ರಲ್ಲಿ ಮತ್ತು 2024ರಲ್ಲಿ ತಲಾ 36 ಲಕ್ಷ ಗಂಟೆಗಳಿಗೂ ಮಿಗಿಲಾಗಿ ಮಲಿನ ನೀರು ನದಿ, ಕಡಲುಗಳಿಗೆ ಹರಿಯಿತು. ಎಣಿಸಿದ ಮಾತ್ರಕ್ಕೆ ಹೊಲಸು ನಿಲ್ಲುವುದಿಲ್ಲ. ಆದರೆ ಅಲ್ಲಿಂದಲೂ ಕಲಿಯಬೇಕಾದ ಒಂದು ಸಂಗತಿಯಿದೆ: 2025ರ ಜನವರಿಯಿಂದ, ಹೊರಹರಿವು ಆರಂಭವಾದ ಒಂದು ಗಂಟೆಯೊಳಗೆ ಅದನ್ನು ಸಾರ್ವಜನಿಕರಿಗೆ ತಿಳಿಸುವುದು ಕಂಪನಿಗಳಿಗೆ ಕಡ್ಡಾಯವಾಗಿದೆ.

ಮಲೆನಾಡಿಗೆ ಈ ಎರಡು ಪಾಠಗಳೂ ಅಗತ್ಯ. ತುಂಗೆಯು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗಗಳನ್ನು ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ಮೇಲಿನ ಪಟ್ಟಣದ ಚರಂಡಿ ಉಕ್ಕಿದರೆ ಅದನ್ನು ಅನುಭವಿಸುವುದು ಕೆಳಗಿನ ಹಳ್ಳಿ. ಅಲ್ಲಿ ದನಗಳು ಕುಡಿಯುವುದೂ, ಜನ ಮೀಯುವುದೂ ಅದೇ ನೀರನ್ನು. ಎಚ್ಚರಿಕೆ ಪಟ್ಟಣದ ಕಚೇರಿಯ ಪರದೆಯ ಮೇಲಷ್ಟೇ ಮಿನುಗಿ ಕೆಳದಂಡೆಯ ಪಂಚಾಯಿತಿಗೆ ತಲುಪದಿದ್ದರೆ ಆ ಯಂತ್ರದಿಂದ ಹಳ್ಳಿಗೇನು ಪ್ರಯೋಜನ?

ಇದು ಜೀವದ ಪ್ರಶ್ನೆಯೂ ಹೌದು. 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿಗೆ ಇಳಿಸುವುದನ್ನು ನಿಷೇಧಿಸಿದೆ. ಅಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 30 ಲಕ್ಷ ರೂಪಾಯಿಗೆ ಏರಿಸಿತು. ಕಟ್ಟಿಕೊಂಡ ಮೇಲೆ ಆತುರದಲ್ಲಿ ಒಬ್ಬ ಬಡವನನ್ನು ವಿಷಾನಿಲದೊಳಗೆ ಇಳಿಸುವ ಬದಲು, ಕಟ್ಟುವ ಮೊದಲೇ ಯಂತ್ರದಿಂದ ಶುಚಿಗೊಳಿಸಲು ಮುನ್ಸೂಚನೆ ದಾರಿ ಮಾಡುತ್ತದೆ.

ಸಂವೇದಕವೊಂದೇ ಪರಿಹಾರವಲ್ಲ. ಮಾಳಿಗೆಯ ಮಳೆನೀರನ್ನು ಒಳಚರಂಡಿಗೆ ಜೋಡಿಸಿದ ಊರಿನಲ್ಲಿ ಆಷಾಢದ ಜಡಿಮಳೆಗೆ ಯಾವ ಕೊಳವೆಯೂ ಸಾಲದು. ಆ ಜೋಡಣೆಯನ್ನು ಬಿಡಿಸುವುದು, ಕೊಳವೆಗಳ ನಿಖರ ನಕ್ಷೆ ಸಿದ್ಧಪಡಿಸುವುದು ಮೊದಲಾಗಬೇಕು. ಬಳಿಕ, ಪಟ್ಟಣದವರು ಇಂಥ ಯಂತ್ರ ಕೊಳ್ಳುವಾಗ ಗ್ರಾಮಸಭೆಗಳೂ ವಿದ್ಯಾರ್ಥಿಗಳೂ ಎರಡು ಷರತ್ತುಗಳನ್ನು ಮುಂದಿಡಬೇಕು: ಎಚ್ಚರಿಕೆ ಬಂದ ಎಷ್ಟು ಗಂಟೆಯೊಳಗೆ ಯಾರು ಕ್ರಮ ಕೈಗೊಳ್ಳಬೇಕೆಂಬುದು ಬರಹದಲ್ಲಿರಲಿ, ಅದೇ ಎಚ್ಚರಿಕೆ ಅದೇ ಗಳಿಗೆಯಲ್ಲಿ ಕೆಳದಂಡೆಯ ಹಳ್ಳಿಗಳಿಗೂ ತಲುಪಲಿ. ಹೊಳೆಯ ನೀರು ಕುಡಿಯುವವರಿಗೆ ಹೊಳೆಯ ಸುದ್ದಿ ತಿಳಿಯುವ ಹಕ್ಕೂ ಇದೆ.